ಗೋಲ್ ಹೊಡೆದವನು ಗೊತ್ತು, ಬಾಲ್ ಕೊಟ್ಟವನು?

ಇವತ್ತು ರಾಜಕೀಯ ಇಲ್ಲ. ರಿಮೋಟ್ ಕೈಗೆ ತಗೋಬೇಡಿ, ಸ್ವಲ್ಪ ತಡೀರಿ. ವಿಷಯ ಫುಟ್‌ಬಾಲ್. ಅದರ ಜೊತೆಗೆ ನಾನು ಇದೇ ಕುರ್ಚಿಯಲ್ಲಿ ಕೂತು ಆಡಿದ ಒಂದು ಹಗುರ ಮಾತಿನ ವಿಷಯವೂ ಹೌದು.

ಸುದ್ದಿ ಇಷ್ಟು. ಉದಾಂತ ಸಿಂಗ್ 2023ರಲ್ಲಿ ಬೆಂಗಳೂರು ಎಫ್‌ಸಿ ಬಿಟ್ಟು ಎಫ್‌ಸಿ ಗೋವಾ ಸೇರಿದ. ನಮ್ಮ ಬುಲೆಟಿನ್‌ನಲ್ಲಿ ಇದು ಕೆಳಗಡೆ ಓಡೋ ಪಟ್ಟಿಯಲ್ಲಿ ಎರಡು ಸಲ ಹೋಯ್ತು, ಮೂರನೇ ಸಲಕ್ಕೆ ಟೊಮೆಟೊ ದರ ಬಂತು. ಮಣಿಪುರದ ಹುಡುಗ, ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತವನು. 2014ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದ. ಒಂಬತ್ತು ಸೀಸನ್ ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಜೆರ್ಸಿ ಹಾಕಿ ಓಡಿದ. 2023ರಲ್ಲಿ ಅವನಿಗೆ ಇಪ್ಪತ್ತೇಳು. ಅವನ ಜಾಗ ವಿಂಗರ್. ಅಂದರೆ ಮೈದಾನದ ಅಂಚಿನ ಸುಣ್ಣದ ಗೆರೆ ಇದೆಯಲ್ಲ, ಅದಕ್ಕೆ ಅಂಟಿಕೊಂಡು ಓಡೋನು. ಕಬಡ್ಡಿ ನೋಡುವವರಿಗೆ ಕಾರ್ನರ್ ಗೊತ್ತು. ರೇಡರ್‌ನ ಕಾಲು ಹಿಡಿಯೋದು ಕಾರ್ನರ್, ಮೇಲೆ ಬಿದ್ದು ಕೇಕೆ ಹಾಕೋದು ಉಳಿದವರು. ವಿಂಗರ್ ಕಥೆಯೂ ಸುಮಾರು ಹಾಗೇ. ಅವನು ಅಂಚಿನಲ್ಲಿ ಓಡಿದರೆ ಎದುರಾಳಿಯ ರಕ್ಷಣೆ ಅಗಲಕ್ಕೆ ಎಳೆದುಕೊಳ್ಳುತ್ತೆ, ನಡುವೆ ಸಂದು ಬಿಡುತ್ತೆ. ಆ ಸಂದಿಗೆ ಅವನು ಬಾಲ್ ಹಾಕ್ತಾನೆ, ಇನ್ನೊಬ್ಬ ಹೊಡೀತಾನೆ. ಕ್ಯಾಮೆರಾ ಹೊಡೆದವನ ಹಿಂದೆ ಓಡುತ್ತೆ. ಹದಿನೈದು ಸೆಕೆಂಡಿನ ಕ್ಲಿಪ್ ಕತ್ತರಿಸುವಾಗ ಮೊದಲು ಹೋಗೋದು ವಿಂಗರ್‌ನ ಓಟ. ಕತ್ತರಿಸೋದು ನಾವೇ, ಅದಕ್ಕೇ ಹೇಳ್ತಿದೀನಿ.

ಅದರ ಹಿಂದಿನ ಸೀಸನ್‌ನಲ್ಲಿ ಒಂದು ದಿನ, ಹರಟೆಯ ಕಾರ್ಯಕ್ರಮದಲ್ಲಿ ಅವನ ಬಗ್ಗೆ ನಾನು ಅಂದಿದ್ದೆ: ‘ಒಳ್ಳೇ ಓಟದ ಕುದುರೆ, ಆದರೆ ಯಾಕೆ ಓಡ್ತಿದೀನಿ ಅಂತ ಕುದುರೆಗೇ ಗೊತ್ತಿಲ್ಲ.’ ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾರ್ಯಕ್ರಮ ಮುಗಿದು ಮೇಕಪ್ ಒರೆಸಿಕೊಳ್ಳುವಾಗ ಫೋನ್ ಬಂತು. ತಾರಿಹಾಳದಿಂದ.

ತಾರಿಹಾಳ ನಮ್ಮ ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶ. ಇಂಜಿನಿಯರಿಂಗ್ ಮುಗಿಸಿ, ಟೀವಿ ಅನ್ನೋ ಹುಚ್ಚು ಹಿಡಿಯೋಕೆ ಮುಂಚೆ, ಅಲ್ಲಿ ವಾಲ್ವ್ ಮಾಡೋ ಒಂದು ಘಟಕದಲ್ಲಿ ನಾನು ಟ್ರೈನಿ. ವರ್ನಿಯರ್ ಹಿಡಿದು ಅಳೆಯೋ ಕೆಲಸ. ಮಿಲಿಮೀಟರ್‌ನ ನೂರನೇ ಭಾಗ ಹೆಚ್ಚುಕಮ್ಮಿಯಾದರೂ ವಾಪಸ್ ಕಳಿಸಬೇಕು. ಸಂಜೆ ಶಿಫ್ಟ್ ಬಿಟ್ಟ ಮೇಲೆ ಹಿಂದಿನ ಖಾಲಿ ಪ್ಲಾಟಿನಲ್ಲಿ ಫುಟ್‌ಬಾಲ್. ಸುತ್ತ ಜಾಲಿ ಕಂಟಿ, ಕೆಳಗೆ ಎರಿ ಮಣ್ಣು. ಮಳೆ ಬಿದ್ದರೆ ಬೂಟಿಗೆ ಎರಡೆರಡು ಕಿಲೋ ಮಣ್ಣು ಹತ್ತೋದು. ಇಟ್ಟಿಗೆ ಇಟ್ಟರೆ ಅದೇ ಗೋಲ್‌ಪೋಸ್ಟ್. ನನಗೆ ಓಡೋಕೆ ಬರಲ್ಲ ಅಂತ ಗೋಲ್‌ನಲ್ಲಿ ನಿಲ್ಲಿಸಿದ್ದರು. ಬಲಗಡೆ ಓಡ್ತಿದ್ದವನು ಲೇತ್ ಮೇಲಿದ್ದ ಗೆಳೆಯ, ಗುತ್ತಿಗೆ ಕೆಲಸಗಾರ. ಹೆಸರು ಹೇಳಲ್ಲ, ಹೇಳಿದರೆ ಬೈತಾನೆ. ಏನು ಓಟ ಅಂತೀರಿ! ಬಲಗಡೆಯಿಂದ ಅವನು ಬಾಲ್ ತಂದು ಸರಿಯಾಗಿ ಸೂಪರ್‌ವೈಸರ್ ಕಾಲ ಮುಂದೆ ಇಡೋನು. ಸೂಪರ್‌ವೈಸರ್ ಒಂದು ಒದೆ ಕೊಡೋರು, ಗೋಲ್. ಎಲ್ಲರೂ ‘ಸರ್, ಸೂಪರ್ ಸರ್’ ಅಂತ ಚಪ್ಪಾಳೆ. ನಾನೂ ಹೊಡೀತಿದ್ದೆ, ಪ್ರೊಬೇಷನ್ ಮುಗಿದಿರಲಿಲ್ಲ ನೋಡಿ.

ಆ ಗೆಳೆಯನ ಫೋನ್ ಅದು. ‘ಏನಲೇ, ಟೀವ್ಯಾಗ ಕುಂತು ಭಾಳ ಶ್ಯಾಣ್ಯಾ ಆಗೀ. ಓಡಾವ ಯಾಕ ಓಡ್ತಾನ ಅಂತ ನಿನಗ ಗೊತ್ತಿಲ್ಲೇನು? ಒಂದು ವರ್ಷ ನನ್ನ ಹಿಂದ ನಿಂತು ನೋಡೀದಿ’ ಅಂದ. ಫೋನ್ ಇಟ್ಟ. ಅಷ್ಟೇ.

ಅವತ್ತು ರಾತ್ರಿ ಕೂತು ಹಳೇ ಪಂದ್ಯಗಳನ್ನ ಮತ್ತೆ ನೋಡಿದೆ. ಕ್ಲಿಪ್ ಅಲ್ಲ, ಪೂರಾ ಪಂದ್ಯ. 2018ರ ಮಾರ್ಚ್ 17, ಕಂಠೀರವದಲ್ಲಿ ಐಎಸ್‌ಎಲ್ ಫೈನಲ್, ಎದುರಿಗೆ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಹಾರಿ ಬಿದ್ದು ತಲೆಯಲ್ಲಿ ಗೋಲ್ ಹೊಡೆದದ್ದು ನಿಮಗೆಲ್ಲ ನೆನಪಿದೆ. ಬಲ ಅಂಚಿನಿಂದ ಆ ಬಾಲ್ ಕಳಿಸಿದ್ದು ಉದಾಂತ. ಪಂದ್ಯ 3-2ರಲ್ಲಿ ಬೆಂಗಳೂರು ಸೋತಿತು. ಸೋತ ಫೈನಲ್‌ನ ಕ್ರಾಸ್ ಯಾರಿಗೆ ನೆನಪಿರುತ್ತೆ ಸ್ವಾಮಿ? ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ ಗೋವಾ ವಿರುದ್ಧ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ಗೋಲ್ ಹೊಡೆದು ಕಪ್ ತಂದುಕೊಟ್ಟ. 2023ರಲ್ಲಿ ಉದಾಂತ ಹೊರಟಿದ್ದು ಅದೇ ಗೋವಾಕ್ಕೆ.

ಅದೇ 2019ರ ಜನವರಿ, ಅಬುಧಾಬಿ, ಏಷ್ಯನ್ ಕಪ್. ಥಾಯ್ಲೆಂಡ್ ವಿರುದ್ಧ 4-1. ಆ ಟೂರ್ನಿಯಲ್ಲಿ 1964ರ ನಂತರ ಭಾರತಕ್ಕೆ ಸಿಕ್ಕ ಮೊದಲ ಗೆಲುವು. ಅನಿರುದ್ಧ್ ಥಾಪಾ ಗೋಲ್‌ಕೀಪರ್ ಮೇಲಿಂದ ನಯವಾಗಿ ಎತ್ತಿ ಹಾಕಿದ ಮೂರನೇ ಗೋಲ್ ಇದೆಯಲ್ಲ, ಆ ಬಾಲ್ ಕೊಟ್ಟಿದ್ದೂ ಉದಾಂತ. ನಾಲ್ಕು ದಿನ ಬಿಟ್ಟು ಆತಿಥೇಯ ಯುಎಇ ವಿರುದ್ಧ ಅವನೇ ಹೊಡೆದ ಬಾಲ್ ಮೇಲಿನ ಕಂಬಿಗೆ ಬಡಿದು ವಾಪಸ್ ಬಂತು. ಒಂದು ಅಂಗುಲ ಕೆಳಗಿದ್ದಿದ್ದರೆ ಪಂದ್ಯ ಸಮ ಆಗ್ತಿತ್ತು. ವರ್ನಿಯರ್ ಹಿಡಿದವನಿಗೆ ಆ ಅಂಗುಲದ ಸಂಕಟ ಗೊತ್ತಾಗಬೇಕಿತ್ತು, ಆದರೆ ನಾನು ಅವತ್ತು ಬರೆದ ಹೆಡ್‌ಲೈನ್ ‘ಅವಕಾಶ ಕೈಚೆಲ್ಲಿದ ಭಾರತ’. ಆ ಪಂದ್ಯ 2-0ಕ್ಕೆ ಹೋಯ್ತು. ಆಮೇಲೆ ಬಹ್ರೇನ್ ಕೊನೇ ಗಳಿಗೆಯ ಪೆನಾಲ್ಟಿಯಲ್ಲಿ ಗೆದ್ದು, ನಮ್ಮನ್ನ ಮನೆಗೆ ಕಳಿಸಿತು.

ಅದಕ್ಕಿಂತ ಸ್ವಲ್ಪ ಮೊದಲು, 2018ರ ಅಕ್ಟೋಬರ್ 13. ನಾನು ನವರಾತ್ರಿಗೆ ಊರಿಗೆ ಹೋಗಿದ್ದೆ. ತಾರಿಹಾಳದ ಚಹಾದಂಗಡಿಯಲ್ಲಿ ಅದೇ ಗೆಳೆಯನ ಜೊತೆ, ಅಂಗೈ ಅಗಲದ ಫೋನಿನಲ್ಲಿ ಭಾರತ-ಚೀನಾ ಪಂದ್ಯ ನೋಡಿದ್ದೆವು. ನಮ್ಮ ತಂಡ ಚೀನಾ ನೆಲದಲ್ಲಿ ಆಡಿದ್ದು ಅದೇ ಮೊದಲು, ಸುಝೌ ಊರಲ್ಲಿ. 0-0. ಅವರ ಕಡೆ ವು ಲೇ ಅಂತ ಒಬ್ಬ ವಿಂಗರ್. ಆ ವರ್ಷ ಚೀನಾ ಲೀಗ್‌ನಲ್ಲಿ 27 ಗೋಲ್ ಹೊಡೆದವನು. ಮೂರು ತಿಂಗಳಲ್ಲಿ ಸ್ಪೇನ್‌ನ ಎಸ್ಪನ್ಯೋಲ್‌ಗೆ ಹೋದ. ಮರುವರ್ಷದ ಜನವರಿಯಲ್ಲಿ ಬಾರ್ಸಿಲೋನಾ ವಿರುದ್ಧ ಕೊನೇ ಹೊತ್ತಿಗೆ ಗೋಲ್ ಹೊಡೆದು ಪಂದ್ಯ 2-2 ಮಾಡಿದ. ಒಂದು ದೇಶಕ್ಕೆ ದೇಶವೇ ಅವನ ಎರಡು ಕಾಲಿನ ಮೇಲೆ ಭಾರ ಹಾಕಿ ಕೂತಿತ್ತು. ಆ ಸೀಸನ್ ಕೊನೆಗೆ ಅವನ ಕ್ಲಬ್ ಎರಡನೇ ದರ್ಜೆಗೆ ಇಳಿಯಿತು. 2022ರಲ್ಲಿ ಅವನು ಶಾಂಘೈಗೆ ವಾಪಸ್. ನನ್ನ ಗೆಳೆಯ ಅವತ್ತು ಚಹಾ ಕುಡೀತಾ ವು ಲೇ ಕಡೆ ನೋಡಲೇ ಇಲ್ಲ, ಕಣ್ಣೆಲ್ಲ ಉದಾಂತನ ಮೇಲೆ. ‘ನೋಡಲೇ, ಬಾಲ್ ಬರಲಿ ಬಿಡಲಿ, ಓಡ್ತಾನ’ ಅಂದ.

ಬಾಲ್ ಬರಲಿ ಬಿಡಲಿ ಓಡೋದು. ತೊಂಬತ್ತು ನಿಮಿಷದಲ್ಲಿ ಹತ್ತು ಸಲ ಓಡಿದರೆ ಒಂದು ಸಲ ಬಾಲ್ ಬರಬಹುದು. ಉಳಿದ ಓಟ ಎಲ್ಲಾ ಯಾವ ಲೆಕ್ಕಕ್ಕೆ? ಆ ಓಟದಿಂದಲೇ ಡಿಫೆಂಡರ್ ಅವನ ಹಿಂದೆ ಹೋಗ್ತಾನೆ, ಛೆಟ್ರಿಗೆ ಜಾಗ ಸಿಗುತ್ತೆ. ಅಂಕಿ ಅಂಶದಲ್ಲಿ ಅದಕ್ಕೆ ಕಾಲಮ್ ಇಲ್ಲ. ಹಾಗಂತ ಉದಾಂತನದ್ದು ತಪ್ಪೇ ಇಲ್ಲ ಅಂತ ನಾನು ಹೇಳ್ತಿಲ್ಲ. 2019ರ ನಂತರ ಅವನ ಆಟ ಇಳಿದದ್ದು ನಿಜ, ಬಾಕ್ಸ್ ಹತ್ತಿರ ಬಂದಾಗ ಗಡಿಬಿಡಿ ಮಾಡಿಕೊಂಡದ್ದೂ ನಿಜ. ಅದನ್ನ ಹೇಳೋಕೆ ಹಕ್ಕಿದೆ. ಆದರೆ ಕುದುರೆ ಅಂತ ಕರೆಯೋಕೆ ನಾನ್ಯಾರು?

ಇನ್ನೂ ಒಂದು ತಪ್ಪು ಒಪ್ಪಿಕೊಂಡುಬಿಡ್ತೀನಿ. 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ, ಕರ್ನಾಟಕ ತಂಡ ಮೇಘಾಲಯವನ್ನ 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಇದಕ್ಕೂ ಮುಂಚೆ ಗೆದ್ದದ್ದು 1968-69ರಲ್ಲಿ, ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಐವತ್ತನಾಲ್ಕು ವರ್ಷ! ನಾವು ಎಷ್ಟು ಹೊತ್ತು ತೋರಿಸಿದೆವು? ನಲವತ್ತು ಸೆಕೆಂಡ್. ಆ ತಂಡದಲ್ಲಿ ಅಂಚಿನಲ್ಲಿ ಓಡಿದವರು ಯಾರು ಅಂತ ಆ ರಾತ್ರಿ ಸುದ್ದಿ ಓದಿದ ನನ್ನನ್ನೇ ಕೇಳಿದ್ದರೆ ಹೇಳೋಕಾಗ್ತಿರಲಿಲ್ಲ.

ಗೆಳೆಯನ ಕಥೆ ಅರ್ಧಕ್ಕೆ ಬಿಟ್ಟೆ. ನಾನು ಕೆಲಸ ಬಿಡೋ ಹಿಂದಿನ ತಿಂಗಳು, ಆಡುವಾಗಲೇ ಅವನ ಮೊಣಕಾಲು ತಿರುಚಿತು. ಮೂರು ವಾರ ಕೆಲಸಕ್ಕೆ ಬರಲಿಲ್ಲ, ಮೂರು ವಾರದ ಪಗಾರವೂ ಬರಲಿಲ್ಲ. ನಾವು ಚಂದಾ ಎತ್ತಿದೆವು, ನಾನು ಐನೂರು ಕೊಟ್ಟೆ. ದೊಡ್ಡ ದಾನ ಮಾಡಿದ ಹಾಗೆ ಆಗ ಅನ್ನಿಸಿತ್ತು. ವಾಪಸ್ ಬಂದವನು ಮತ್ತೆ ಬಲಗಡೆ ಓಡಲಿಲ್ಲ. ನನ್ನ ಜಾಗದಲ್ಲಿ, ಇಟ್ಟಿಗೆಗಳ ನಡುವೆ ನಿಂತ. ಉದಾಂತನಿಗೆ ಫಿಸಿಯೋ ಇದ್ದಾರೆ, ಒಪ್ಪಂದ ಇದೆ, ಇವನಿಗೆ ಅದ್ಯಾವುದೂ ಇರಲಿಲ್ಲ. ಆದರೂ ಉದಾಂತ ಅಂದರೆ ಇವನಿಗೆ ತನ್ನದೇ ಕಾಲು.

ಉದಾಂತನ ಸುದ್ದಿ ಬಂದಾಗ ನಾನೇ ಫೋನ್ ಮಾಡಿದೆ. ಬೈಗುಳ ತಿನ್ನೋಕೆ ತಯಾರಾಗಿದ್ದೆ. ಅವನು ಖುಷಿಯಲ್ಲಿದ್ದ. ‘ಬೆಂಗಳೂರು ನಮಗ ನಾಲ್ಕು ನೂರು ಕಿಲೋಮೀಟರ್. ಗೋವಾ ಅದರ ಅರ್ಧನೂ ಇಲ್ಲ. ಲೋಂಡಾ, ಕ್ಯಾಸಲ್‌ರಾಕ್ ದಾಟಿದ್ರ ಮಡಗಾಂವ್, ಅಲ್ಲೇ ಫತೋರ್ಡಾ ಸ್ಟೇಡಿಯಂ. ನನ್ನ ವಿಂಗರ್ ನನ್ನ ಹತ್ರ ಬಂದ್ನಲ್ಲೋ!’ ಅಂದ. ಸೀಸನ್ ಶುರುವಾದ ಮೇಲೆ ಒಂದು ಶನಿವಾರ ರೈಲು ಹತ್ತೋಣ ಅಂತ ಮಾತಾಗಿದೆ. ಟಿಕೆಟ್ ನಂದು. ಬಲ ಅಂಚಿನ ಗೆರೆಗೆ ಹತ್ತಿರದ ಸೀಟೇ ಬೇಕಂತೆ ಅವನಿಗೆ.