ಬೆನ್ನುಹುರಿಯ ಗೆಡ್ಡೆ: ಆಪರೇಷನ್ ಏನು ಉಳಿಸುತ್ತದೆ?



ಬೆನ್ನುನೋವು ಬಂದರೆ ನಾವು ಲೋಕಲ್ ಟ್ರೈನಿನ ನೂಕುನುಗ್ಗಲನ್ನೋ ವಯಸ್ಸನ್ನೋ ದೂರಿ, ಬಾಮ್ ಹಚ್ಚಿ ಮಲಗುತ್ತೇವೆ. ಹೆಚ್ಚಿನ ಸಲ ಅದು ಸರಿಯೇ. ಆದರೆ ಮಲಗಿದಾಗಲೇ ಹೆಚ್ಚಾಗಿ ನಿದ್ದೆ ಕೆಡಿಸುವ ನೋವು ಬೇರೆ. ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದವರಂತೂ ಅದನ್ನು ಕಡೆಗಣಿಸಬಾರದು. ಆ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಬೆನ್ನುಹುರಿಯನ್ನು ಒತ್ತಬಹುದು.

ಗೆಡ್ಡೆಗಳೆಲ್ಲ ಒಂದೇ ಅಲ್ಲ. ಪೊರೆಯಲ್ಲಿ ಬೆಳೆಯುವ ಮೆನಿಂಜಿಯೋಮ ಹೆಂಗಸರಲ್ಲೇ ಹೆಚ್ಚು. ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಪೂರ್ತಿ ತೆಗೆದರೆ ಬಹುತೇಕರು ಗುಣವಾಗುತ್ತಾರೆ. 1887ರಷ್ಟು ಹಿಂದೆಯೇ ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ಬೆನ್ನುಹುರಿಯ ಗೆಡ್ಡೆ ತೆಗೆದಾಗ, ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ರೋಗಿ ಮತ್ತೆ ನಡೆದರು.

ಹರಡಿ ಬಂದ ಕ್ಯಾನ್ಸರಿನಲ್ಲಿ ಆಪರೇಷನ್ನಿಂದ ಆಯುಷ್ಯ ಬಹಳ ಬೆಳೆಯುವುದಿಲ್ಲ, ಮುಚ್ಚಿಡುವುದೇಕೆ? 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬರೀ ರೇಡಿಯೇಷನ್ ಪಡೆದವರು ನೂರಕ್ಕೆ 57 ಮಂದಿ ನಡೆದರೆ, ಆಪರೇಷನ್ನೂ ಆದವರು 84 ಮಂದಿ. ಬದುಕಿದ್ದು 100 ದಿನದ ಬದಲು 126 ದಿನ. ಇಷ್ಟೇನಾ ಅನ್ನಿಸಬಹುದು. ಆ ದಿನಗಳಲ್ಲಿ ತಾನೇ ಎದ್ದು ಬಚ್ಚಲಿಗೆ ಹೋಗುವುದು ಏನೆಂದು, ಹಾಸಿಗೆ ಹಿಡಿದವರ ಚಾಕರಿ ಮಾಡಿದ ನಿಮಗೆ ಹೇಳಬೇಕಿಲ್ಲ.

ಕಾಲು ಸೋತರೆ, ಮೂತ್ರ ಕಟ್ಟಿದರೆ ಅದೇ ದಿನ ಡಾಕ್ಟರಲ್ಲಿ ಹೋಗಿ ಎಂಆರ್‌ಐ ಬಗ್ಗೆ ಕೇಳಿ. ಟಾಟಾ ಮೆಮೋರಿಯಲ್, ಕೆಇಎಂ ಎರಡೂ ಇಲ್ಲೇ ಪರೇಲಿನಲ್ಲಿವೆ. ಕಾಲು ಪೂರ್ತಿ ಬಿದ್ದು ಎರಡು ದಿನ ಕಳೆದರೆ, ಆಪರೇಷನ್ ಮಾಡಿದರೂ ನಡಿಗೆ ಮರಳುವುದು ಕಷ್ಟ.