ಮಳೆ, ತುಕ್ಕು ಮತ್ತು ಬೈಕಿನ ಬಣ್ಣ



ಮಲೆನಾಡಿನ ಮನೆಯಂಗಳದಲ್ಲಿ ನಿಂತ ಮೋಟಾರ್ ಸೈಕಲ್ ಕೇವಲ ಸವಾರಿಯ ಸಾಧನವಲ್ಲ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಕೊಳೆ ಔಷಧಿಯ ಸಾಮಾನು, ಶಾಲೆಗೆ ಹೊರಟ ಮಗು, ಎಲ್ಲವನ್ನೂ ಹೊತ್ತು ಏರು ಇಳಿಜಾರುಗಳಲ್ಲಿ ದುಡಿಯುವ ವಾಹನ ಅದು. ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಮೈಯೆಲ್ಲ ತುಕ್ಕು ತಿಂದು ಗುಜರಿಯವನ ಪಾಲಾದ ಬೈಕುಗಳು ಪ್ರತಿ ಊರಿನಲ್ಲಿಯೂ ಇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಉತ್ಪಾದನೆ ನಿಲ್ಲಿಸಿತು. ಅಲ್ಲಿ ತಯಾರಾದ ಯೆಜ್ಡಿಗಳು ಇಂದಿಗೂ ಅಲ್ಲಲ್ಲಿ ಓಡುತ್ತಿವೆಯೆಂದರೆ, ಒಡೆಯರು ಕಾಲಕಾಲಕ್ಕೆ ತುಕ್ಕು ಕೆರೆದು ಬಣ್ಣ ಕೊಡಿಸಿದ್ದು ಅದಕ್ಕೆ ಒಂದು ಕಾರಣ.

ಇರುವ ಯಂತ್ರವನ್ನು ಇನ್ನಷ್ಟು ವರ್ಷ ಬಾಳಿಸುವುದು ಪರಿಸರದ ಕೆಲಸವೇ ಹೌದು. ಆದರೆ ಆ ಕೆಲಸದಲ್ಲಿ ಬಳಕೆಯಾಗುವ ಥಿನ್ನರ್, ಉಜ್ಜಿ ತೆಗೆದ ಹಳೆಯ ಬಣ್ಣದ ಪುಡಿ, ಉಳಿದ ಡಬ್ಬಿ ಇವುಗಳು ಅಬ್ಬಿನೀರಿಗೋ ಬಾವಿಗೋ ಸೇರಿದರೆ ಉಳಿಸಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚಾಗುತ್ತದೆ. ಮನೆಯಲ್ಲಿಯೇ ಮೊದಲ ಬಾರಿಗೆ ಬೈಕಿಗೆ ಬಣ್ಣ ಹೊಡೆಯಲು ಹೊರಡುವವರು ಬಣ್ಣದ ಆಯ್ಕೆಗಿಂತ ಮೊದಲು ಯೋಚಿಸಬೇಕಾದದ್ದು ಈ ಸಂಗತಿಯನ್ನು.

ತುಕ್ಕಿಗೆ ಬೇಕಾದದ್ದು ಕಬ್ಬಿಣ, ನೀರು ಮತ್ತು ಗಾಳಿ. ಲವಣವೊಂದು ಜೊತೆಗೂಡಿದರೆ ಅದರ ವೇಗ ಹಲವು ಪಟ್ಟು ಏರುತ್ತದೆ. ಬೈಕಿನ ಕ್ಯಾರಿಯರ್ ಮೇಲೆ ಹೊರುವ ಪೊಟ್ಯಾಷ್ ಗೊಬ್ಬರದ, ಅಂದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನ, ತೂಕದಲ್ಲಿ ಅರ್ಧಕ್ಕೆ ತುಸು ಕಡಿಮೆ ಕ್ಲೋರೈಡ್ ಇರುತ್ತದೆ. ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡೇ ಅದು. ಚೀಲದ ಹೊಲಿಗೆಯಿಂದ ಉದುರಿದ ನಾಲ್ಕು ಕಾಳು ಮಳೆಹನಿಯಲ್ಲಿ ಕರಗಿ ಹಿಂದಿನ ಮಡ್‌ಗಾರ್ಡಿನ ಸಂದಿಗೆ ಇಳಿದರೆ ಸಾಕು. ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ ಬೈಕಿಗೆ ಗಂಜಲದ ಲವಣ ತಾಗುತ್ತದೆ. ಇನ್ನು ಮೈಲುತುತ್ತದ ವಿಷಯವನ್ನು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದ್ದಿ, ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಬೇಕು ಎನ್ನುತ್ತಾರೆ. ಚಾಕುವಿನ ಮೇಲೆ ತಾಮ್ರ ಕುಳಿತಷ್ಟೂ ಕಬ್ಬಿಣ ಕರಗಿ ಹೋಗಿರುತ್ತದೆ. ಸುಣ್ಣ ಸೇರದ ಮೈಲುತುತ್ತದ ನೀರು ಬಣ್ಣ ಕಿತ್ತ ಜಾಗಕ್ಕೆ ಬಿದ್ದಾಗ ನಡೆಯುವುದೂ ಅದೇ ಕ್ರಿಯೆ.

ಆದ್ದರಿಂದ ಕೆಲಸದ ಮೊದಲ ದಿನ ಬಣ್ಣದ್ದಲ್ಲ, ತೊಳೆಯುವ ದಿನ. ಸಾಬೂನು ನೀರಿನಿಂದ ಮಣ್ಣು, ಗ್ರೀಸು, ಲವಣ ಎಲ್ಲವನ್ನೂ ತೊಳೆದು ಚೆನ್ನಾಗಿ ಒಣಗಿಸಿದ ನಂತರ ಬಿಚ್ಚುವ ಭಾಗಗಳನ್ನು ಬಿಚ್ಚಬೇಕು. ಯಾವ ಬೋಲ್ಟು ಎಲ್ಲಿಯದೆಂದು ಚೀಟಿ ಅಂಟಿಸಿ ಡಬ್ಬಿಗಳಲ್ಲಿ ಇಟ್ಟುಕೊಳ್ಳದವರು ಮರುಜೋಡಣೆಯ ದಿನ ಪಶ್ಚಾತ್ತಾಪ ಪಡುತ್ತಾರೆ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಹಳೆಯ ಬಣ್ಣವನ್ನೆಲ್ಲ ಲೋಹ ಕಾಣುವವರೆಗೆ ಕಿತ್ತು ಹಾಕುವುದು. ಇದು ಬೇಕಾಗಿಲ್ಲ. ಗಟ್ಟಿಯಾಗಿ ಹಿಡಿದುಕೊಂಡಿರುವ ಹಳೆಯ ಬಣ್ಣಕ್ಕಿಂತ ಒಳ್ಳೆಯ ತಳಪಾಯವಿಲ್ಲ. ಅದರ ಹೊಳಪು ಹೋಗುವಷ್ಟು 400ನೆಯ ನಂಬರಿನ ವಾಟರ್ ಪೇಪರ್‌ನಿಂದ ಉಜ್ಜಿದರೆ ಸಾಕು. ತುಕ್ಕು ಕಂಡಲ್ಲಿ ಮಾತ್ರ 120 ಅಥವಾ 180ರ ಎಮರಿ ಕಾಗದ ಹಿಡಿದು ಶುದ್ಧ ಲೋಹ ಹೊಳೆಯುವವರೆಗೆ ಹೋಗಬೇಕು, ಅಂಚನ್ನು ಇಳಿಜಾರಾಗಿ ಸವರಬೇಕು. ಬಣ್ಣ ಕೀಳುವ ರಾಸಾಯನಿಕ ದ್ರವಗಳ ತಂಟೆಗೆ ಹೋಗದಿರುವುದೇ ಲೇಸು. ಅವುಗಳಲ್ಲಿ ಕೆಲವಲ್ಲಿರುವ ಮೆಥಿಲೀನ್ ಕ್ಲೋರೈಡ್ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆದಿದೆ; ಅಮೆರಿಕವು 2019ರಲ್ಲಿ ಅದನ್ನು ಮನೆಬಳಕೆಯ ಬಣ್ಣ ಕೀಳುವ ದ್ರವಗಳಿಂದ ನಿಷೇಧಿಸಿತು.

ಒಣಗಿದ ಮೇಲ್ಮೈಯನ್ನು ಉಜ್ಜಬಾರದು. ಯಾವಾಗಲೂ ನೀರು ಹಾಕಿಯೇ ಉಜ್ಜಬೇಕು. ಹಳದಿ, ಕಿತ್ತಳೆ, ಕೆಂಪು ಛಾಯೆಯ ಹಳೆಯ ಬಣ್ಣಗಳಲ್ಲಿ ಸೀಸದ ಲವಣಗಳಿರುವ ಸಾಧ್ಯತೆಯಿದೆ. ಮನೆಗೋಡೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದು ಬರೆಯಲ್ಪಟ್ಟದ್ದು ಗೃಹಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗಾಗಿ. ವಾಹನದ ಬಣ್ಣಕ್ಕೆ ಅದರ ಭರವಸೆಯಿಲ್ಲ. ಅಂಗಳದಲ್ಲಿ ಹಾರಿದ ಪುಡಿ ತೆವಳುವ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ.

ಕೆರೆದ ಜಾಗದ ಗುಳಿಗಳಲ್ಲಿ ಉಳಿದ ತುಕ್ಕಿಗೆ ಅಂಗಡಿಯಲ್ಲಿ ‘ರಸ್ಟ್ ಕನ್ವರ್ಟರ್’ ಸಿಗುತ್ತದೆ. ಅಂಥ ಹಲವು ದ್ರವಗಳ ತಿರುಳು ಟ್ಯಾನಿಕ್ ಆಮ್ಲ. ಅಡಿಕೆಯ ಚೊಗರು ತಾಗಿದ ಕತ್ತಿ ಕಪ್ಪಾಗುವುದೂ, ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದುದೂ ಇದೇ ಟ್ಯಾನಿನ್ನಿನ ಗುಣದಿಂದ. ಹಾಗೆಂದು ಚೊಗರನ್ನೇ ಬೈಕಿಗೆ ಬಳಿಯಲು ಹೋಗಬಾರದು. ಅದರಲ್ಲಿರುವ ಇತರ ಅಂಶಗಳ ಅಂಟಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಶುದ್ಧ ಲೋಹದ ಮೇಲೆ ಅದೇ ದಿನ ಪ್ರೈಮರ್ ಬೀಳಬೇಕು. ಮಲೆನಾಡಿನ ತೇವದಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಹೊಸ ತುಕ್ಕಿನ ಕೆಂಪು ಮೂಡುತ್ತದೆ. ಬದಿಯ ಕವರುಗಳು ಪ್ಲಾಸ್ಟಿಕ್ಕಿನವಾದರೆ ಅವಕ್ಕೆ ಪ್ಲಾಸ್ಟಿಕ್ ಪ್ರೈಮರ್ ಬೇರೆಯೇ ಬೇಕು. ಥಿನ್ನರ್ ಹಾಕಿ ಒರೆಸಿದರೆ ಕರಗಿ ಸುಕ್ಕಾಗಬಹುದು.

ಕಾಲದ ವಿಷಯ. ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಕೆಲಸದ ಮಾತೇ ಬೇಡ. ಥಿನ್ನರ್ ಆರುವಾಗ ಮೇಲ್ಮೈಯ ಶಾಖವನ್ನು ಹೀರಿಕೊಂಡು ಹೋಗುತ್ತದೆ, ತಂಪಾದ ಮೇಲ್ಮೈಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಬಣ್ಣ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ದೀಪಾವಳಿ ಕಳೆದು ಶಿವರಾತ್ರಿಯೊಳಗೆ, ಇಬ್ಬನಿ ಪೂರ್ತಿ ಆರಿದ ಮೇಲೆ, ಹನ್ನೊಂದರಿಂದ ಮೂರು ಗಂಟೆಯ ನಡುವೆ, ನೆರಳಿನಲ್ಲಿ ಮಾಡಬೇಕು. ಸಂಜೆ ದೀಪ ಹಾಕಿ ಮುಂದುವರಿಸಿದರೆ ಹಸಿ ಬಣ್ಣಕ್ಕೆ ಹುಳಗಳು ಬಂದು ಅಂಟುತ್ತವೆ.

ಬಣ್ಣ ಹೊಡೆಯುವ ಕ್ರಮದಲ್ಲಿ ರಹಸ್ಯವೇನೂ ಇಲ್ಲ. ಡಬ್ಬಿಯನ್ನು ಎರಡು ಮೂರು ನಿಮಿಷ ಕುಲುಕಿ, ಒಂದು ಗೇಣಿನಷ್ಟು ದೂರದಿಂದ, ಕೈಯನ್ನು ಒಂದೇ ವೇಗದಲ್ಲಿ ಚಲಿಸುತ್ತ ಹೊಡೆಯಬೇಕು. ಗುಂಡಿಯನ್ನು ಭಾಗದ ಅಂಚಿಗಿಂತ ಮೊದಲೇ ಒತ್ತಿ, ದಾಟಿದ ಮೇಲೆ ಬಿಡಬೇಕು. ಮೊದಲ ಸುತ್ತಿನಲ್ಲಿ ತಳ ಕಾಣುತ್ತಿದ್ದರೆ ಅದೇ ಸರಿ. ಒಂದೇ ಸಲಕ್ಕೆ ಮುಚ್ಚಲು ಹೋದವರ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಬಿಟ್ಟು ಮೂರು ನಾಲ್ಕು ತೆಳು ಸುತ್ತು ಹಾಕಬೇಕು. ಇಳಿದರೆ ಒರೆಸದೆ ಒಣಗಲು ಬಿಟ್ಟು, 800ರ ಕಾಗದದಿಂದ ನೀರು ಹಾಕಿ ಸಮ ಮಾಡಿಕೊಳ್ಳಬೇಕು. ಮೊದಲು ಹಳೆಯ ತಗಡಿನ ಮೇಲೆ ಕೈ ಪಳಗಿಸಿಕೊಂಡವರ ಬೈಕು ಚೆನ್ನಾಗಿಯೇ ಕಾಣುತ್ತದೆ.

ಜಾಗದ ಆಯ್ಕೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಥಿನ್ನರಿನ ಮತ್ತು ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಚದುರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಅಂಗಳದಿಂದ ಕೆಳಮಟ್ಟದಲ್ಲಿರುವ ಬಚ್ಚಲೊಲೆಯ ಕೆಂಡ ಅದಕ್ಕೆ ಸಾಕು. ಟ್ಯಾಂಕಿನಿಂದ ಪೆಟ್ರೋಲ್ ಬಸಿದಾದ ಮೇಲೆ ಅಪಾಯ ಹೋಯಿತೆಂದು ತಿಳಿಯಬಾರದು. ಖಾಲಿ ಟ್ಯಾಂಕಿನೊಳಗೆ ಆವಿ ಮತ್ತು ಗಾಳಿ ಬೆರೆತಿರುವುದರಿಂದ ಅದು ತುಂಬಿದ ಟ್ಯಾಂಕಿಗಿಂತಲೂ ಕೆಟ್ಟದ್ದು. ಅದರ ಬಳಿ ಗ್ರೈಂಡರ್, ವೆಲ್ಡಿಂಗ್, ಬೀಡಿ ಯಾವುದೂ ಕೂಡದು.

ಟ್ಯಾಂಕಿನ ಪ್ರಶ್ನೆಯೇ ಬೇರೆ. ಸಾಮಾನ್ಯ ಸ್ಪ್ರೇ ಡಬ್ಬಿಯ ಬಣ್ಣದ ಮೇಲೆ ಪೆಟ್ರೋಲ್ ಚೆಲ್ಲಿದರೆ ಅದು ಮೆತ್ತಗಾಗಿ ಎದ್ದು ಬರುತ್ತದೆ. ಪೆಟ್ರೋಲಿಗೆ ಜಗ್ಗದ ಹೊಳಪು ಲೇಪವೆಂದರೆ ಹಾರ್ಡ್‌ನರ್ ಬೆರೆಸುವ ಎರಡು ಡಬ್ಬಿಯ ಪಿ.ಯು. ಲೇಪ. ಆ ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಉಸಿರಿಗೆ ಸೇರಿದರೆ ಶಾಶ್ವತವಾದ ಅಸ್ತಮಾ ತರಬಲ್ಲದು, ಮತ್ತು ಒಮ್ಮೆ ಮೈಗೆ ಒಗ್ಗದಾದವರಿಗೆ ಮುಂದೆ ಅತ್ಯಲ್ಪ ಪ್ರಮಾಣವೂ ಸಾಕಾಗುತ್ತದೆ. ಅದಕ್ಕೆ ವಾಸನೆಯ ಮುನ್ಸೂಚನೆಯಿಲ್ಲ. ಧೂಳಿನ ಬಟ್ಟೆಮುಖವಾಡ ಅದನ್ನು ತಡೆಯದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವೇ ಬೇಕು. ಇದು ಮನೆಯಲ್ಲಿರುವುದಿಲ್ಲ. ಆದ್ದರಿಂದ ಹೊಸಬರು ಚೌಕಟ್ಟು, ಸ್ಟ್ಯಾಂಡು, ಚೈನ್ ಕವರು, ಮಡ್‌ಗಾರ್ಡು, ಬದಿಯ ಕವರುಗಳನ್ನು ಮನೆಯಲ್ಲಿ ಮಾಡಿಕೊಂಡು, ಟ್ಯಾಂಕನ್ನು ಮಾತ್ರ ತಕ್ಕ ಸಲಕರಣೆಯಿರುವ ಪೇಂಟರ್ ಬಳಿಗೆ ಕಳುಹಿಸುವುದು ಜಾಣತನ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಉಳಿದ ಭಾಗಗಳಿಗೆ ಸಾಮಾನ್ಯ ಬಣ್ಣ ಹೊಡೆಯುವಾಗಲೂ ಬಯಲಿನಲ್ಲಿ, ಇದ್ದಿಲು ತುಂಬಿದ ಕಾರ್ಟ್ರಿಡ್ಜ್ ಇರುವ ಮುಖವಾಡ ಧರಿಸಿಯೇ ನಿಲ್ಲಬೇಕು.

ಬಣ್ಣವನ್ನೇ ಬದಲಿಸುವವರು ಸಾರಿಗೆ ಕಚೇರಿಯಲ್ಲಿ ಅರ್ಜಿ ಕೊಟ್ಟು ನೋಂದಣಿ ಪತ್ರದಲ್ಲಿ ಹೊಸ ಬಣ್ಣವನ್ನು ದಾಖಲಿಸಿಕೊಳ್ಳಬೇಕು. ಸೈನ್ಯದ ವಾಹನಗಳಿಗೆ ಮೀಸಲಾದ ಆಲಿವ್ ಹಸಿರನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇತರರು ಬಳಿಯುವಂತಿಲ್ಲ. ಹುಡುಗರಿಗೆ ಅದೇ ಬಣ್ಣದ ಮೇಲೆ ಆಸೆ ಹೆಚ್ಚು.

ಇನ್ನು ಉಳಿದದ್ದರ ಲೆಕ್ಕ. ಉಜ್ಜಿದ ನೀರನ್ನು ಅಂಗಳಕ್ಕೆ ಚೆಲ್ಲಿದರೆ ಅದು ಬಸಿಗಾಲುವೆ ಹಿಡಿದು ತೋಟಕ್ಕೆ, ತೋಟದಿಂದ ಹಳ್ಳಕ್ಕೆ ಇಳಿಯುತ್ತದೆ. ಕೆಳಗಿನ ಮನೆಯವರು ಕುಡಿಯುವುದು ಆ ಹಳ್ಳದ ನೀರನ್ನೇ. ಉಜ್ಜುವ ಭಾಗವನ್ನು ಅಗಲವಾದ ಹಳೆಯ ಬೇಸಿನ್ನಿನೊಳಗೆ ಇಟ್ಟು ಉಜ್ಜಿ, ಆ ನೀರನ್ನು ಸೂರಿನಡಿ ಬಿಸಿಲು ಬೀಳುವ ಕಡೆ, ಕೋಳಿ ನಾಯಿಗಳು ಮುಟ್ಟದಂತೆ ಇಟ್ಟರೆ ಬೇಸಿಗೆಯ ಕೆಲವೇ ದಿನಗಳಲ್ಲಿ ಆರಿ ತಳದಲ್ಲಿ ಕೆಸರು ಮಾತ್ರ ಉಳಿಯುತ್ತದೆ. ಬ್ರಷ್ ತೊಳೆದ ಥಿನ್ನರನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಬಿಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಮುಂದಿನ ಬಾರಿಯ ಮೊದಲ ತೊಳೆತಕ್ಕೆ ಒದಗುತ್ತದೆ, ಬಣ್ಣಕ್ಕೆ ಬೆರೆಸಲು ಮಾತ್ರ ಆಗದು. ಒಣಗಿದ ಕೆಸರು, ಚಿಂದಿ, ಖಾಲಿ ಡಬ್ಬಿಗಳನ್ನು ಬಚ್ಚಲೊಲೆಗೆ ಹಾಕಬಾರದು, ಗೊಬ್ಬರಗುಂಡಿಗೂ ಹಾಕಬಾರದು. 2016ರ ಘನತ್ಯಾಜ್ಯ ನಿಯಮಗಳು ಬಣ್ಣದ ಡಬ್ಬಿಗಳನ್ನು ಕೀಟನಾಶಕದ ಡಬ್ಬಿಗಳ ಜೊತೆಗೆ ಮನೆಯ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿದವು. ಅವನ್ನು ಪ್ರತ್ಯೇಕವಾಗಿ ಕಟ್ಟಿ, ಪಂಚಾಯಿತಿಯ ಕಸದ ವಾಹನಕ್ಕೆ ಇಂಥದೆಂದು ಹೇಳಿಯೇ ಕೊಡಬೇಕು.

ಉಳಿದ ಥಿನ್ನರನ್ನು ಕುಡಿಯುವ ನೀರಿನ ಖಾಲಿ ಬಾಟಲಿಗೆ ತುಂಬಿ ಅಟ್ಟದ ಮೇಲೆ ಇಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ನೋಡಲು ಅದು ನೀರಿನಂತೆಯೇ ಇರುತ್ತದೆ. ಅಂಗಡಿಯಿಂದ ತಂದ ಡಬ್ಬಿಯಲ್ಲಿಯೇ ಅದನ್ನು ಬಿಟ್ಟು, ಮೇಲೆ ದೊಡ್ಡದಾಗಿ ಹೆಸರು ಬರೆದು, ಕೊಳೆ ಔಷಧಿಯ ಸಾಮಾನುಗಳನ್ನು ಬೀಗ ಹಾಕಿಡುವ ಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು.