ಕೂಲಿ ಕೊಡುವವನು ಹಣ ಕೇಳುವುದುಂಟೆ?



ಕಳೆ ಕೀಳಲು ಬಂದ ಆಳಿಗೆ 'ಮೊದಲು ಸಾವಿರ ರೂಪಾಯಿ ಕಟ್ಟು, ಆಮೇಲೆ ಕೂಲಿ ಕೊಡ್ತೀನಿ' ಅಂತ ನೀವು ಹೇಳಿ ನೋಡಿ. ಕುಡುಗೋಲು ತೋರಿಸ್ತಾಳೆ! ಓದಿದ ನಮ್ಮ ಮಕ್ಕಳು ಮಾತ್ರ ಮೊಬೈಲಿನಲ್ಲಿ ಇದೇ ಮಾತಿಗೆ ತಲೆಯಾಡಿಸುತ್ತಿದ್ದಾರೆ.

'ಮನೆಯಲ್ಲೇ ಕೂತು ದುಡಿಯಿರಿ' ಅಂತ ವಾಟ್ಸಾಪಿಗೆ ಸಂದೇಶ ಬರುತ್ತದೆ. ವಿಡಿಯೋಗಳಿಗೆ ಲೈಕ್ ಒತ್ತಿದ್ದಕ್ಕೆ ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತೆ. ಅದು ಗಾಳದ ಎರೆಹುಳು. ಆಮೇಲೆ 'ದೊಡ್ಡ ಕೆಲಸ'ಕ್ಕೆ 5 ಸಾವಿರ, 50 ಸಾವಿರ ಕಟ್ಟಿ ಅಂತಾರೆ. ಪರದೆಯ ಮೇಲೆ ಲಾಭ ಬೆಳೆಯುತ್ತಲೇ ಇರುತ್ತದೆ; ತೆಗೆಯಹೋದರೆ 'ತೆರಿಗೆ ಕಟ್ಟಿ' ಅಂತಾರೆ. ಸೊಸೈಟಿಯಿಂದ ತಂದ ಬೆಳೆಸಾಲ ಹೀಗೆ ಹೋದರೆ ರೈತ ಮುಳುಗಲು ಬರಗಾಲವೇ ಬೇಕಿಲ್ಲ.

ಹೋದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಮಗನನ್ನು ಬೈಯುವುದು ಆಮೇಲಾಯಿತು, ಮೊದಲು 1930ಕ್ಕೆ ಫೋನ್ ಮಾಡಿ. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮೊದಲು ತಿಳಿದರೆ ಬ್ಯಾಂಕು ತಡೆಹಿಡಿಯಬಹುದು. ಗಂಟೆ ಕಳೆದಷ್ಟೂ ಕಷ್ಟ. ಬಂದ ಸಂದೇಶಗಳನ್ನು ಅಳಿಸಬೇಡಿ. ಠಾಣೆಯಲ್ಲಿ 'ಇದು ನಮ್ಮ ಸರಹದ್ದಲ್ಲ' ಅಂದರೆ ಒಪ್ಪಬೇಡಿ. 2024ರ ಜುಲೈಯಲ್ಲಿ ಜಾರಿಯಾದ ಕಾಯಿದೆಯಂತೆ ಯಾವ ಠಾಣೆಯವರಾದರೂ ಇಂಥ ದೂರು ಬರೆದುಕೊಳ್ಳಲೇಬೇಕು.

'ನಿಮ್ಮ ಖಾತೆ ನಮಗೆ ಕೊಡಿ, ತಿಂಗಳಿಗಿಷ್ಟು ಬಾಡಿಗೆ' ಅನ್ನುವವರೂ ಇದ್ದಾರೆ. ಕದ್ದ ಹಣ ನಿಮ್ಮ ಪಾಸ್‌ಬುಕ್ಕಿನಲ್ಲಿ ಹಾದುಹೋದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ.